ಕಿಟ್‌ನಲ್ಲಿ ತಪ್ಪು ಅಳತೆಯ ಕಾಲೆಟ್: ಬದಲಿಸಿಕೊಡಿ, ಉಳಿದವರನ್ನೂ ಎಚ್ಚರಿಸಿ

ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಪ್ಲಂಜ್ ರೂಟರ್ ಮತ್ತು ಮಾರ್ಟೈಸ್ ಜಿಗ್ ಕಿಟ್‌ನ ದೋಷದ ಬಗ್ಗೆ

ಮಾನ್ಯರೇ,

ಸಾಗರದಲ್ಲಿ ನನ್ನದೊಂದು ಮರಗೆಲಸದ ಅಂಗಡಿ ಇದೆ. ಬಾಗಿಲು, ಕಿಟಕಿ, ದಾರಂದ ಮಾಡುತ್ತೇವೆ. ಕೂಡಿಕೆಯ ತೂತು ತೆಗೆಯಲೆಂದು ರೂಟರ್ (ಮರ ಕೊರೆಯುವ ಯಂತ್ರ), ಜಿಗ್ (ಅದನ್ನು ಅಳತೆ ತಪ್ಪದಂತೆ ನಡೆಸುವ ಚೌಕಟ್ಟು), ಬಿಟ್ (ತಿರುಗಿ ಕೊರೆಯುವ ಅಲಗು) ಮೂರೂ ಇರುವ ನಿಮ್ಮ ಕಿಟ್ ಕೊಂಡೆ. ಅದರಲ್ಲಿ ಬಂದ ಸ್ಪೈರಲ್ ಬಿಟ್‌ನ ಶ್ಯಾಂಕ್, ಅಂದರೆ ಯಂತ್ರದೊಳಗೆ ಕೂರುವ ಹಿಡಿ, 12 ಮಿ.ಮೀ. ಆ ಶ್ಯಾಂಕನ್ನು ಬಿಗಿಯಾಗಿ ಹಿಡಿಯುವ ಯಂತ್ರದ ಕೊಳವೆ, ಕಾಲೆಟ್, ಅರ್ಧ ಇಂಚಿನದು, ಅಂದರೆ 12.7 ಮಿ.ಮೀ. ಒಂದಕ್ಕೊಂದು ಹೊಂದದ ಎರಡನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದ್ದೀರಿ.

ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ನಟ್ ಬಿಗಿದರೆ ಹಿಡಿದ ಹಾಗೇ ಅನಿಸುತ್ತದೆ. ಆದರೆ ಕಾಲೆಟ್ ಶ್ಯಾಂಕನ್ನು ಸುತ್ತಲೂ ಸಮನಾಗಿ ಹಿಡಿಯುವುದಿಲ್ಲ. ಹೊಟ್ಟನ್ನು ಮೇಲಕ್ಕೆ ತಳ್ಳುವ ಸ್ಪೈರಲ್ ಬಿಟ್ ತಾನು ಮರದೊಳಕ್ಕೆ ಇಳಿಯಲು ನೋಡುತ್ತದೆ. ಹಿಡಿತ ಸಡಿಲವಿದ್ದರೆ ಕಾಲೆಟ್‌ನಿಂದ ಜಾರುತ್ತಾ ಬರುತ್ತದೆ. ನಮ್ಮಲ್ಲಿ ಆಗಿದ್ದೂ ಅದೇ. 40 ಮಿ.ಮೀ.ಗೆ ಇಟ್ಟ ಆಳ ತೂತಿನ ಇನ್ನೊಂದು ತುದಿಯಲ್ಲಿ 46 ಆಗಿತ್ತು. ಸಾಗವಾನಿ ದಾರಂದದ ಒಂದು ಕಾಲು ಹಾಳಾಯಿತು. ಮರ ಹೋದರೆ ಇನ್ನೊಂದು ತರಬಹುದು. ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುವ ಬಿಟ್ ಕಳಚಿ ಹಾರಿದ್ದರೆ? ಆಗ ಯಂತ್ರ ಹಿಡಿದಿದ್ದವನು ಕೆಲಸ ಕಲಿಯುತ್ತಿರುವ ಹುಡುಗ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ನಿಮ್ಮ ಸರ್ವಿಸ್ ಸೆಂಟರ್‌ನವರು "ನೀವು ಬಳಸಿದ ರೀತಿ ಸರಿಯಿಲ್ಲ, ಇನ್ನೂ ಬಿಗಿ ಮಾಡಿ" ಅಂದರು. ಇದನ್ನು ನಾನು ಒಪ್ಪುವುದಿಲ್ಲ. ಶ್ಯಾಂಕನ್ನು ಪೂರ್ತಿ ಒಳಗಿಟ್ಟು, ಒಂದೆರಡು ಮಿ.ಮೀ. ಹಿಂದಕ್ಕೆ ಎಳೆದೇ ಬಿಗಿದಿದ್ದೆವು. ಜಿಗ್‌ಗೂ ಮರಕ್ಕೂ ಕ್ಲ್ಯಾಂಪ್ ಹಾಕಿತ್ತು. ಒಂದೊಂದು ಸಲಕ್ಕೆ 4–5 ಮಿ.ಮೀ. ಆಳವಷ್ಟೇ ತೆಗೆದು, ಬಿಟ್ ಮೇಲೆತ್ತಿ, ಹೊಟ್ಟು ತೆಗೆದ ಮೇಲೇ ಮುಂದಿನ ಆಳಕ್ಕೆ ಹೋಗುತ್ತಿದ್ದೆವು. ಕಾಲೆಟ್ ಅಳತೆಯೇ ತಪ್ಪಿದ್ದರೆ ಬಿಗಿದು ಏನು ಪ್ರಯೋಜನ? ಜಾಸ್ತಿ ಬಿಗಿದರೆ ಕಾಲೆಟ್ಟೇ ಕೆಡುತ್ತದೆ, ಅಲ್ವಾ? ಈ ಮಾತನ್ನು ಅವರು ಇನ್ನೊಬ್ಬರಿಗೆ ಹೇಳಬಾರದು.

ನನಗೆ 12 ಮಿ.ಮೀ. ಕಾಲೆಟ್ ಕಳಿಸಿ. ಈಗಿರುವ ಕಾಲೆಟ್‌ನ ಒಳಗೆ ತೂರಿಸುವ ಸ್ಲೀವ್ ಬೇಡ. ಬಿಟ್‌ನ ಶ್ಯಾಂಕ್ ಮೇಲೆ ಗೀರು ಬಿದ್ದಿದೆ, ಅದನ್ನೂ ಬದಲಿಸಿ. ಹಾಳಾದ ಮರದ ಬೆಲೆ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಇದೇ ಕಿಟ್ ಕೊಂಡ ಉಳಿದವರಿಗೆ ಕೂಡಲೇ ತಿಳಿಸಿ. ಕಾಲೆಟ್ ಮತ್ತು ಶ್ಯಾಂಕ್ ಅಳತೆ ಒಂದೇ ಇರಬೇಕು ಎಂಬ ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲೂ ಹಾಕಿ.

ಬಿಲ್, ವಾರಂಟಿ ಕಾರ್ಡ್, ಕ್ಯಾಲಿಪರ್‌ನಲ್ಲಿ ಅಳೆದ ಫೋಟೋಗಳನ್ನು ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಸಾಗರ, ಶಿವಮೊಗ್ಗ ಜಿಲ್ಲೆ