ಕೊಲೆಗಾರ ಸಿಕ್ಕಿಬಿದ್ದ ಮೇಲೂ ಮಾತಿಗೆ ಜಾಗವಿರಲಿ

ಮಾನ್ಯ ಸಂಪಾದಕರೇ,

ಓದುಗರ ಕೂಟಗಳಲ್ಲಿ ಅಪರಾಧ ಕಾದಂಬರಿಯ ಚರ್ಚೆ ಸಪ್ಪೆಯಾಗುತ್ತದೆ ಎಂಬ ದೂರು ಹಳೆಯದು. ತಪ್ಪು ಕಾದಂಬರಿಯದಲ್ಲ, ತಯಾರಿಯದು. ‘ಕೊಂದದ್ದು ಯಾರೆಂದು ನನಗೆ ಅರ್ಧದಲ್ಲೇ ಗೊತ್ತಾಯಿತು’ ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಉಳಿದವರೂ ಪೈಪೋಟಿಗಿಳಿಯುತ್ತಾರೆ. ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ಆರು ಭಾಗಗಳ ರಷ್ಯನ್ ಕಾದಂಬರಿ. ಕೊಲೆ ಮೊದಲ ಭಾಗದಲ್ಲೇ ಮುಗಿಯುತ್ತದೆ, ಕೊಂದವನೂ ನಮ್ಮ ಕಣ್ಣೆದುರೇ ಇದ್ದಾನೆ. ಆದರೂ ಉಳಿದ ಐದು ಭಾಗಗಳು ಯಾಕೆ ಓದಿಸಿಕೊಳ್ಳುತ್ತವೆ? ತಯಾರಿ ಶುರುವಾಗಬೇಕಾದ್ದು ಇಲ್ಲಿಂದ.

ಚರ್ಚೆ ನಡೆಸುವವರು ಎರಡು ಸಲ ಓದಬೇಕು. ಮೊದಲ ಸಲ ಪೆನ್ಸಿಲ್ ಮುಟ್ಟದೆ, ಕಥೆಯ ಸೆಳೆತಕ್ಕೆ ಸಿಕ್ಕಿ. ಎರಡನೇ ಸಲ ಇಡೀ ಪುಸ್ತಕ ಬೇಡ. ಮೊದಲ ಮೂರು ಅಧ್ಯಾಯ, ಅಪರಾಧ ಬಯಲಾಗುವ ಅಧ್ಯಾಯ, ಕೊನೆಯ ಎರಡು ಸಾಕು. ಆಗ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಘಟನೆ ಯಾವಾಗ ನಡೆಯಿತು, ಯಾವ ಅಧ್ಯಾಯದಲ್ಲಿ ಅದನ್ನು ಹೇಳಲಾಯಿತು, ಆ ಹೊತ್ತಿಗೆ ಅದು ಯಾರಿಗೆಲ್ಲ ಗೊತ್ತಿತ್ತು. ಮೊದಲ ಎರಡು ಕಾಲಂಗಳು ತಾಳೆಯಾಗದ ಕಡೆಯೆಲ್ಲ ಒಂದೊಂದು ಪ್ರಶ್ನೆ ಕಾದಿರುತ್ತದೆ. ಉದಾಹರಣೆಗೆ, ಆರಂಭದಲ್ಲೇ ನಡೆದ ಜಗಳವನ್ನು ಇಪ್ಪತ್ತನೇ ಅಧ್ಯಾಯದವರೆಗೆ ಮುಚ್ಚಿಟ್ಟದ್ದೇಕೆ? ಅಷ್ಟರಲ್ಲಿ ನಮ್ಮ ಅನುಕಂಪ ಯಾರ ಕಡೆ ವಾಲಿತ್ತು? ಕಥೆ ಹೇಳುವವನು ‘ನಾನು’ ಆಗಿದ್ದರೆ ಮೂರನೇ ಕಾಲಂ ಇನ್ನೂ ಮುಖ್ಯ: ಅವನು ಕಂಡದ್ದೆಷ್ಟು, ಕೇಳಿದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರ್ಪಡಿಸಿ ಬರೆಯಿರಿ.

ಗುರುತಿಗೆ ಪುಟಸಂಖ್ಯೆಯನ್ನು ನಂಬಬೇಡಿ. ಮುದ್ರಣ, ಇ-ಪುಸ್ತಕ, ಅನುವಾದ ಒಂದಕ್ಕೊಂದು ಹೊಂದುವುದಿಲ್ಲ. ಅಧ್ಯಾಯದ ಸಂಖ್ಯೆ ಮತ್ತು ಪ್ಯಾರಾದ ಮೊದಲ ನಾಲ್ಕು ಪದ ಬರೆದುಕೊಂಡರೆ ಹುಡುಕಾಟ ತಪ್ಪುತ್ತದೆ.

ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕೆಂಬುದು ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಕಾರ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಳಿಗೆ 1929ರಲ್ಲಿ ಹಾಕಿಕೊಟ್ಟ ಹತ್ತು ನಿಯಮಗಳಲ್ಲೊಂದು. ಸಾಹಿತ್ಯಕ ಕಾದಂಬರಿಗಳು ಇದನ್ನು ಬೇಕೆಂದೇ ಮುರಿಯುತ್ತವೆ. ಎಲ್ಲಿ ಮುರಿದಿದೆ, ಅದರಿಂದ ಕಾದಂಬರಿಗೆ ದಕ್ಕಿದ್ದೇನು ಎಂದು ಕೇಳಿದರೆ ‘ಲೇಖಕರು ಮೋಸ ಮಾಡಿದರು’ ಎನ್ನುವವರಿಗೂ ಕೆಲಸ ಸಿಗುತ್ತದೆ.

ಎಂಟು ಮಂದಿ, ತೊಂಬತ್ತು ನಿಮಿಷ ಎಂದರೆ ಆರು ಪ್ರಶ್ನೆ ಧಾರಾಳ. ಇಪ್ಪತ್ತು ಮಾಡಿಕೊಂಡರೆ ಅದು ರಸಪ್ರಶ್ನೆ. ಕಥಾಸಾರಕ್ಕೆ ಮೂರು ನಿಮಿಷ, ಲೇಖಕರ ಪರಿಚಯಕ್ಕೆ ಎರಡು. ‘ಇಷ್ಟವಾಯಿತೇ?’ ಎಂದು ಮೊದಲೇ ಕೇಳಬಾರದು. ಒಮ್ಮೆ ತೀರ್ಪು ಕೊಟ್ಟವರು ಆಮೇಲೆ ಅದನ್ನು ಸಮರ್ಥಿಸುತ್ತಲೇ ಕೂರುತ್ತಾರೆ. ಸತ್ತ ವ್ಯಕ್ತಿಯಿಂದ ಶುರುಮಾಡಿ: ಅವರ ಬಗ್ಗೆ ನಮಗೆ ಗೊತ್ತಿರುವುದೇನು, ಅದನ್ನು ಹೇಳಿದವರು ಯಾರು, ಹಾಗೆ ಹೇಳುವುದರಿಂದ ಅವರಿಗೇನು ಲಾಭ? ಮಾತು ಹಳಿ ತಪ್ಪಿದಾಗ ಅರ್ಧ ಪುಟ ಗಟ್ಟಿಯಾಗಿ ಓದುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಓದಬೇಕಾದ ಎರಡು ಭಾಗಗಳನ್ನು ಮೊದಲೇ ಆರಿಸಿಡಿ. ಕೊಲೆಯ ದೃಶ್ಯಕ್ಕಿಂತ ಅದಾದ ಮೇಲಿನ ವಿಚಾರಣೆಯ ಸಂಭಾಷಣೆ ಹೆಚ್ಚು ಮಾತು ಹುಟ್ಟಿಸುತ್ತದೆ.

ಅಂತ್ಯದ ಚರ್ಚೆ ನಡೆಯುತ್ತದೆಂದು ಆಹ್ವಾನದಲ್ಲೇ ತಿಳಿಸಿ. ಓದಿ ಮುಗಿಸದ ಒಬ್ಬರಿಗಾಗಿ ಗುಟ್ಟು ಕಾಯ್ದರೆ ಉಳಿದ ಏಳು ಮಂದಿ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಮಕ್ಕಳ ಮೇಲಿನ ಹಿಂಸೆ, ಲೈಂಗಿಕ ದೌರ್ಜನ್ಯದ ಪ್ರಸಂಗಗಳಿದ್ದರೆ ಅದನ್ನೂ ಆಹ್ವಾನದಲ್ಲೇ, ಅಧ್ಯಾಯದ ಸಂಖ್ಯೆಯೊಂದಿಗೆ ನಮೂದಿಸಿ.

– ಓದುಗರ ಕೂಟವೊಂದರ ಸಂಚಾಲಕರು