ಗ್ವಾಸ್ಟವಿನೋ ಕಮಾನಿನ ಮಾದರಿ ಕಟ್ಟುವವರ ಗಮನಕ್ಕೆ

ಸದಸ್ಯರೇ, ಕಟ್ಟಡ ಕಟ್ಟುವವರಾಗಿದ್ದ ರಫೇಲ್ ಗ್ವಾಸ್ಟವಿನೋ ಸ್ಪೇನಿನ ವೆಲೆನ್ಸಿಯಾದಲ್ಲಿ 1842ರಲ್ಲಿ ಹುಟ್ಟಿ, 1881ರಲ್ಲಿ ನ್ಯೂಯಾರ್ಕಿಗೆ ವಲಸೆ ಹೋದವರು. ಬೆಂಕಿಗೆ ಹೆದರಿದ್ದ ಅಮೆರಿಕದ ನಗರಗಳಿಗೆ ಅವರು ಕೊಟ್ಟದ್ದು ತಮ್ಮೂರ ಕಡೆಯ ಹಳೆಯ ವಿದ್ಯೆ: ತೆಳು ಸುಟ್ಟಮಣ್ಣಿನ ಬಿಲ್ಲೆಗಳ ಕಮಾನು. 1889ರಲ್ಲಿ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ಕೆಲಸ ಸಿಕ್ಕ ಮೇಲೆ ಹೆಸರು ಹಬ್ಬಿತು.

ಬಿಲ್ಲೆ ಸುಮಾರು 6×12 ಇಂಚು, ದಪ್ಪ 1 ಇಂಚು. ಮೊದಲ ಪದರಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸೇ ಬೇಕು. ಅದನ್ನು ಬಿಲ್ಲೆಯ ಅಂಚಿಗೆ ಬಳಿದು, ಪಕ್ಕದ್ದಕ್ಕೆ ಒತ್ತಿ ಒಂದು ಕ್ಷಣ ಹಿಡಿದರೆ ಬಿಲ್ಲೆ ಗಾಳಿಯಲ್ಲೇ ನಿಲ್ಲುತ್ತದೆ. ಹಾಗಾಗಿ ಪೂರ್ತಿ ಸೆಂಟ್ರಿಂಗ್ (ಕಟ್ಟುವಾಗ ಕಮಾನನ್ನು ಕೆಳಗಿನಿಂದ ಹೊರುವ ತಾತ್ಕಾಲಿಕ ಆಸರೆ) ಬೇಡ, ಆಕಾರಕ್ಕೊಂದು ಹಗುರ ಚೌಕಟ್ಟು ಸಾಕು. ಪ್ಲಾಸ್ಟರನ್ನು ಸ್ವಲ್ಪಸ್ವಲ್ಪವೇ ಕಲಸಿ, ಒಮ್ಮೆಗೇ ಕಲಸಿದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ.

ಎರಡನೇ ಪದರದಿಂದ ಸಿಮೆಂಟ್ ಗಾರೆ. ತೇವ ತಗುಲಿದರೆ ಪ್ಲಾಸ್ಟರ್ ಬಲ ಕಳೆದುಕೊಳ್ಳುತ್ತದೆ, ಭಾರ ಹೊರುವುದು ಸಿಮೆಂಟಿನ ಪದರಗಳೇ. ಸಂದಿನ ಮೇಲೆ ಸಂದು ಬರಲೇಬಾರದು, ಬಂದರೆ ಬಿರುಕು ಅಲ್ಲಿಂದಲೇ. ಒಣ ಬಿಲ್ಲೆ ಗಾರೆಯ ನೀರು ಹೀರುತ್ತದೆ, ಒದ್ದೆ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಬುಡ. ಎಷ್ಟೇ ತೆಳುವಾದರೂ ಕಮಾನು ಹೊರಕ್ಕೆ ತಳ್ಳುತ್ತದೆ. ಎರಡೂ ಬದಿ ಕಬ್ಬಿಣದ ಸರಳಿನಿಂದ ಬಿಗಿಯದೆ ಯಾರೂ ಅದರ ಮೇಲೆ ಹತ್ತಬೇಡಿ.