ಕೂಸನ್ನು ಅಂಗಾತ ಮಲಗಿಸಲು ಅಂಜಬೇಡಿ

ಮಾನ್ಯರೇ,

ಆರೋಗ್ಯವಾಗಿದ್ದ ಹಸುಗೂಸು ನಿದ್ದೆಯಲ್ಲೇ ತೀರಿಕೊಂಡು, ಮರಣೋತ್ತರ ಪರೀಕ್ಷೆ, ಮಲಗಿದ್ದ ಜಾಗದ ಪರಿಶೀಲನೆ, ಹಿಂದಿನ ಆರೋಗ್ಯದ ವಿವರ ಯಾವುದರಲ್ಲೂ ಕಾರಣ ಸಿಗದಿದ್ದರೆ ಅದನ್ನು 'ಸಿಡ್ಸ್' (ಹಸುಗೂಸಿನ ಹಠಾತ್ ಸಾವು) ಎನ್ನುತ್ತಾರೆ. 2ರಿಂದ 4 ತಿಂಗಳ ಕೂಸುಗಳಲ್ಲಿ ಇದು ಹೆಚ್ಚು.

ಉಸಿರು, ಎದೆಬಡಿತ, ಎಚ್ಚರಗಳನ್ನು ನಡೆಸುವ ಮಿದುಳುಕಾಂಡ ಆಗಿನ್ನೂ ಬಲಿಯುತ್ತಿರುತ್ತದೆ. ಬೋರಲು ಮಲಗಿದ ಕೂಸಿನ ಮೂಗು ಮೆತ್ತನೆಯ ಹಾಸಿಗೆಯಲ್ಲಿ ಹುದುಗಿದರೆ, ತಾನು ಬಿಟ್ಟ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಿದುಳುಕಾಂಡ ಸರಿಯಿದ್ದರೆ ಕೂಸು ಮೊದಲು ನಿಟ್ಟುಸಿರು ಬಿಡುತ್ತದೆ, ಬೆಚ್ಚುತ್ತದೆ, ಕೈಕಾಲು ಬಡಿಯುತ್ತದೆ, ಕೊನೆಗೆ ಎದ್ದು ಅಳುತ್ತದೆ. ಹೀಗೆ ಎಚ್ಚರಿಸುವಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್‌ ಪಾತ್ರ ದೊಡ್ಡದು. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಹ್ಯಾನಾ ಕಿನ್ನಿ ಮತ್ತು ಸಂಗಡಿಗರು, ಸಿಡ್ಸ್‌ನಿಂದ ತೀರಿಕೊಂಡ ಹಲವು ಕೂಸುಗಳ ಮಿದುಳುಕಾಂಡದಲ್ಲಿ ಈ ಸೆರೊಟೋನಿನ್ ವ್ಯವಸ್ಥೆಯೇ ಏರುಪೇರಾಗಿರುವುದನ್ನು ಕಂಡರು. ಅದರ ಪ್ರಮಾಣವೇ ಕಡಿಮೆಯಿತ್ತೆಂದು 2010ರಲ್ಲಿ ವರದಿ ಮಾಡಿದರು. ಬದುಕಿರುವ ಕೂಸಿನಲ್ಲಿ ಈ ದೋಷ ಹಿಡಿಯುವ ಪರೀಕ್ಷೆ ಮಾತ್ರ ಇಲ್ಲ. ಮಗು ಕಳೆದುಕೊಂಡ ತಾಯಿಯನ್ನು ದೂರುವವರು ಇದನ್ನು ಮೊದಲು ತಿಳಿಯಬೇಕು.

ಹಾಗಾಗಿ ಎಚ್ಚರಿಕೆ ಎಲ್ಲ ಕೂಸುಗಳಿಗೂ ಬೇಕು. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಅಡರುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ನಿಜ ತಿರುಗುಮುರುಗು. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ್ದು ಶ್ವಾಸನಾಳಕ್ಕೆ ನುಗ್ಗಲು ಮೇಲಕ್ಕೆ ಹತ್ತಬೇಕು. ಬೋರಲಾದರೆ ಶ್ವಾಸನಾಳವೇ ಕೆಳಗಾಗುತ್ತದೆ. ಮಗ್ಗುಲಾಗಿಯೂ ಮಲಗಿಸಬೇಡಿ, ಕೂಸು ಸುಲಭವಾಗಿ ಬೋರಲಿಗೆ ಉರುಳುತ್ತದೆ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಅಭಿಯಾನ ಶುರುವಾದ ಮೇಲೆ ಸಿಡ್ಸ್ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು.

ಹಾಸು ಗಟ್ಟಿಯಾಗಿ, ಸಮತಟ್ಟಾಗಿರಲಿ. ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ ಏನೂ ಬೇಡ. ಮನೆಯೊಳಗೆ ತಲೆಗೆ ಟೋಪಿ ಬೇಡ. ಕತ್ತು, ಎದೆ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಒಂದು ಪದರ ತೆಗೆಯಿರಿ. ಕನಿಷ್ಠ 6 ತಿಂಗಳು ಕೂಸು ನಿಮ್ಮ ಕೋಣೆಯಲ್ಲೇ, ಬೇರೆ ಹಾಸಿನ ಮೇಲೆ ಮಲಗಲಿ. ಸೋಫಾದ ಮೇಲೆ ಕೂಸನ್ನು ಎದೆಗವಚಿಕೊಂಡು ನಿದ್ದೆಹೋಗುವುದು ತೀರಾ ಅಪಾಯ. ಎದೆಹಾಲು ರಕ್ಷಣೆ ಕೊಡುತ್ತದೆ. ಗರ್ಭಿಣಿಯ ಧೂಮಪಾನ ಭ್ರೂಣದ ಮಿದುಳುಕಾಂಡವನ್ನೇ ಕೆಡಿಸಬಲ್ಲದು, ಹುಟ್ಟಿದ ಮೇಲೆ ಮನೆಯೊಳಗಿನ ಹೊಗೆಯೂ ಕೆಟ್ಟದ್ದೇ.

ಎಚ್ಚರವಾಗಿರುವಾಗ, ಕಣ್ಣೆದುರಲ್ಲಿ ಬೋರಲು ಆಡಿಸಿ; ಕತ್ತು ಗಟ್ಟಿಯಾಗುತ್ತದೆ. ಎರಡೂ ಕಡೆ ತಾನೇ ಉರುಳಲು ಕಲಿತ ಮೇಲೆ ರಾತ್ರಿಯಿಡೀ ಎದ್ದೆದ್ದು ತಿರುಗಿಸಬೇಕಿಲ್ಲ. ಆದರೆ ಸದಾ ಅಂಗಾತ ಮಲಗಿ ರೂಢಿಯಾದ ಎಳೆಗೂಸನ್ನು ಬೇರೆಯವರು ಒಂದು ಹೊತ್ತು ಬೋರಲು ಮಲಗಿಸಿದರೂ ಅಪಾಯ ಬಹಳ ಏರುತ್ತದೆ. ಅಜ್ಜಿ, ಆಯಾ, ಶಿಶುವಿಹಾರದವರು, ಕೂಸನ್ನು ಯಾರ ಕೈಗೆ ಒಪ್ಪಿಸಿದರೂ ಇದನ್ನು ಬಾಯಿಬಿಟ್ಟು ಹೇಳಿ.